ಹೋಮ್‌ಸ್ಟೇ ಅಡುಗೆಮನೆಗೆ 6 ಕೆಜಿ ಎಬಿಸಿ ಪೌಡರ್ ಸಿಲಿಂಡರ್: ಕೊಳ್ಳಬಹುದೇ?

ಚಿಕ್ಕಮಗಳೂರಿನ ಹೋಮ್‌ಸ್ಟೇಗಳ ಗ್ಯಾಸ್ ಅಡುಗೆಮನೆಗೆ ಬೆಂಕಿ ಆರಿಸುವ ಈ ಸಿಲಿಂಡರ್ (ಎಬಿಸಿ ಎಂದರೆ ಘನವಸ್ತು, ದ್ರವ, ಅನಿಲ ಮೂರರ ಬೆಂಕಿಗೂ ಆಗುವಂಥದ್ದು) ಒಳ್ಳೆಯ ಆಯ್ಕೆ, ಆದರೆ ಬಳಸುವ ಕ್ರಮ ಗೊತ್ತಿರಲೇಬೇಕು. ಒಳಗಿರುವುದು ಮುಖ್ಯವಾಗಿ ಮೋನೋ ಅಮೋನಿಯಂ ಫಾಸ್ಫೇಟ್ ಪುಡಿ. ಜ್ವಾಲೆಯೊಳಗಿನ ಸರಪಳಿ ಕ್ರಿಯೆಯನ್ನು ಅದು ಕಡಿದುಹಾಕುವುದರಿಂದ ಗ್ಯಾಸಿನ ಬೆಂಕಿ ಕ್ಷಣದಲ್ಲಿ ಆರುತ್ತದೆ.

ಅಪಾಯ ಇರುವುದೂ ಅಲ್ಲೇ. ಬೆಂಕಿ ಆರಿದರೂ ಸೋರಿಕೆ ನಿಲ್ಲುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ. ನೆಲದ ಮೇಲೆ ಹರಡಿ, ಗಾಳಿಯಲ್ಲಿ ಸುಮಾರು 2ರಿಂದ 9 ಶೇಕಡಾ ಬೆರೆತರೆ ಒಂದು ಕಿಡಿಗೇ ಸ್ಫೋಟ. ಹಾಗಾಗಿ ಮೊದಲು ರೆಗ್ಯುಲೇಟರ್ ಬಂದ್ ಮಾಡಿ. ಉರಿಯಿಂದಾಗಿ ಅದು ಕೈಗೆಟುಕದಿದ್ದರೆ, ಬೆಂಕಿ ಆರಿಸಿದ ತಕ್ಷಣ ಅದನ್ನು ಮುಚ್ಚಲು ಸಾಧ್ಯವಿದ್ದರೆ ಮಾತ್ರ ಪುಡಿ ಹೊಡೆಯಿರಿ. ಇಲ್ಲವಾದರೆ ಉರಿಯಲು ಬಿಟ್ಟು, ಎಲ್ಲರನ್ನೂ ಹೊರಗೆ ಕಳಿಸಿ 112ಕ್ಕೆ ಕರೆ ಮಾಡಿ.

ಪಿನ್ ಎಳೆದು, ಎರಡು ಮೂರು ಮೀಟರ್ ದೂರದಿಂದ ಗ್ಯಾಸ್ ಹೊರಬರುವ ಬುಡಕ್ಕೇ ಗುರಿಯಿಡಿ. ಪುಡಿ ಅರ್ಧ ನಿಮಿಷವೂ ಬರುವುದಿಲ್ಲ.

ಮಲೆನಾಡಿನ ಮಳೆಗಾಲದ ತೇವ ಇದರ ದೊಡ್ಡ ಶತ್ರು. ರೀಫಿಲ್ ಮಾಡುವಾಗ ಒಳಗೆ ತೇವ ಸೇರಿದರೆ ಪುಡಿ ಗಟ್ಟಿಕಟ್ಟಿ, ಒತ್ತಡ ತೋರಿಸುವ ಗೇಜ್ ಮುಳ್ಳು ಹಸಿರಲ್ಲಿದ್ದರೂ ನಳಿಕೆ ಕಟ್ಟಿಕೊಳ್ಳುತ್ತದೆ. ಬೆಂಕಿ ಆರಿಸುವ ಇನ್ನೊಂದು ಬಗೆಯ ಪುಡಿಯಾದ ಬೈಕಾರ್ಬೊನೇಟ್‌ನ ಉಳಿಕೆ ಇರುವ ಸಿಲಿಂಡರಿಗೆ ಎಬಿಸಿ ತುಂಬಿಸಲೇಬೇಡಿ: ಎರಡೂ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟಿ ಒತ್ತಡ ಏರುತ್ತದೆ. ಕೊಳ್ಳುವಾಗ ಭಾರತೀಯ ಮಾನಕವಾದ ಐಎಸ್ 15683ರ ಗುರುತು ನೋಡಿ, ಒಲೆಯ ಪಕ್ಕಕ್ಕಲ್ಲ, ಬಾಗಿಲ ಬಳಿ ನೇತುಹಾಕಿ.

ಕೊರತೆಯೂ ಒಂದಿದೆ. ಬೋಂಡ ಕರಿಯುವ ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಈ ಪುಡಿ ಎಣ್ಣೆಯನ್ನು ತಣಿಸದು, ಮತ್ತೆ ಹೊತ್ತಿಕೊಳ್ಳಬಹುದು. ಅದಕ್ಕೆ ರಾಸಾಯನಿಕ ದ್ರಾವಣ ಸಿಂಪಡಿಸುವ ವೆಟ್ ಕೆಮಿಕಲ್ ಸಿಲಿಂಡರೇ ಬೇಕು.