ಸಿಂಕ್ ಫೋಲ್ಡರನ್ನೇ ಬ್ಯಾಕಪ್ ಎಂದು ನಂಬಿ ನಾನು ಕಳೆದುಕೊಂಡದ್ದು

ಕ್ಲೌಡ್‌ನಲ್ಲಿ ಇಟ್ಟದ್ದು ಎಲ್ಲಿಗೂ ಹೋಗುವುದಿಲ್ಲ ಎಂಬ ನಂಬಿಕೆಯಿಂದ, ನನ್ನ ತಂದೆಯವರ ಧ್ವನಿಮುದ್ರಣಗಳನ್ನೂ 11 ವರ್ಷಗಳ ಫೋಟೋಗಳನ್ನೂ ನಾನು ನನ್ನ ಕೈಯಾರೆ ಅಳಿಸಿಹಾಕಿದೆ. ಯಾರೂ ನನ್ನ ಖಾತೆಯನ್ನು ಹ್ಯಾಕ್ ಮಾಡಲಿಲ್ಲ, ಯಾವ ಯಂತ್ರವೂ ಕೆಡಲಿಲ್ಲ. ಎಲ್ಲವೂ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು. ಆ ಕೆಲಸ ಏನೆಂಬುದನ್ನು ಮಾತ್ರ ನಾನು ತಪ್ಪಾಗಿ ತಿಳಿದುಕೊಂಡಿದ್ದೆ. ಇದೇ ತಪ್ಪು ತಿಳಿವಳಿಕೆಯಲ್ಲಿರುವವರು ನನ್ನ ಪರಿಚಯದಲ್ಲೇ ಹಲವರಿದ್ದಾರೆ ಎಂದು ಈಚೆಗೆ ಗೊತ್ತಾದ ಮೇಲೆ, ನಡೆದದ್ದನ್ನು ಬರೆದಿಡಬೇಕು ಅನ್ನಿಸಿತು.

ತಂದೆಯವರು ತೀರಿಕೊಳ್ಳುವುದಕ್ಕೆ ಮುಂಚಿನ ಎರಡು ವರ್ಷಗಳಲ್ಲಿ ನಾನು ಅವರ ಮಾತುಗಳನ್ನು ಫೋನಿನಲ್ಲಿ ಮುದ್ರಿಸಿಕೊಳ್ಳುತ್ತಿದ್ದೆ. ಒಟ್ಟು 43 ಮುದ್ರಣಗಳಿದ್ದವು. ಅವರ ಬಾಲ್ಯ, ಅವರು ಬಿಟ್ಟುಬಂದ ಕೆಲಸಗಳು, ನಾವು ಹುಟ್ಟುವ ಮುಂಚಿನ ಮನೆಯ ಸಂಗತಿಗಳು ಅದರಲ್ಲಿದ್ದವು. ಪ್ರತಿ ಬಾರಿಯೂ ಅವರು ಗಂಟಲು ಸರಿಮಾಡಿಕೊಂಡು, "ಶುರು ಆಯ್ತಾ?" ಎಂದು ಕೇಳಿಯೇ ಮಾತು ಆರಂಭಿಸುತ್ತಿದ್ದರು. ಈ ಮುದ್ರಣಗಳನ್ನೂ ಹಳೆಯ ಫೋಟೋಗಳನ್ನೂ ಒಂದೇ ಫೋಲ್ಡರಿನಲ್ಲಿ ಹಾಕಿ, ಆ ಫೋಲ್ಡರನ್ನು ಒಂದು ಕ್ಲೌಡ್ ಸೇವೆಗೆ ಜೋಡಿಸಿದ್ದೆ. ಲ್ಯಾಪ್‌ಟಾಪಿನಲ್ಲಿ ಒಂದು ಪ್ರತಿ, ಕ್ಲೌಡ್‌ನಲ್ಲಿ ಒಂದು, ಫೋನಿನ ಆ್ಯಪ್‌ನಲ್ಲಿ ಇನ್ನೊಂದು ಕಾಣಿಸುತ್ತಿತ್ತು. ಮೂರು ಕಡೆ ಕಾಣುತ್ತಿರುವುದರಿಂದ ಮೂರು ಪ್ರತಿಗಳಿವೆ ಎಂದು ನಾನು ಎಣಿಸಿಕೊಂಡಿದ್ದೆ. ಫೋಲ್ಡರಿನ ಪಕ್ಕದಲ್ಲಿ ಸದಾ ಇರುತ್ತಿದ್ದ ಹಸಿರು ಟಿಕ್ ಗುರುತು ಆ ಎಣಿಕೆಗೆ ಮುದ್ರೆ ಒತ್ತಿದಂತಿತ್ತು.

ಒಂದು ದಿನ ಲ್ಯಾಪ್‌ಟಾಪಿನಲ್ಲಿ ಜಾಗ ತುಂಬಿಹೋಗಿ, ಮುಗಿಸಲೇಬೇಕಾಗಿದ್ದ ಕೆಲಸವೊಂದು ಅರ್ಧಕ್ಕೆ ನಿಂತಿತು. ಕ್ಲೌಡ್‌ನಲ್ಲಿ ಹೇಗೂ ಇದೆಯಲ್ಲ ಎಂದುಕೊಂಡು ಆ ದೊಡ್ಡ ಫೋಲ್ಡರನ್ನು ಲ್ಯಾಪ್‌ಟಾಪಿನಿಂದ ಡಿಲೀಟ್ ಮಾಡಿದೆ. ಜಾಗ ಬೇಗ ಸಿಗಲೆಂದು ಲ್ಯಾಪ್‌ಟಾಪಿನ ರಿಸೈಕಲ್ ಬಿನ್ ಕೂಡ ಖಾಲಿ ಮಾಡಿದೆ. ನಡುವೆ ಒಂದು ಸಣ್ಣ ಕಿಟಕಿ ತೆರೆದುಕೊಂಡು ಏನನ್ನೋ ಕೇಳಿತ್ತು, ನಾನು "ಸರಿ" ಒತ್ತಿದ್ದೆ. ಈ ಕಡತಗಳು ನಿಮ್ಮ ಎಲ್ಲ ಸಾಧನಗಳಿಂದಲೂ ಅಳಿಸಿಹೋಗುತ್ತವೆ ಎಂದು ಅದರಲ್ಲಿ ಬರೆದಿತ್ತೆಂಬುದು ಬಹಳ ದಿನಗಳ ನಂತರ, ಪ್ರಯೋಗಕ್ಕೆಂದು ಬೇರೊಂದು ಫೋಲ್ಡರನ್ನು ಅಳಿಸಿ ನೋಡಿದಾಗ ತಿಳಿಯಿತು.

ಸಿಂಕ್ ಎಂದರೆ ಎಲ್ಲ ಕಡೆಯೂ ಒಂದೇ ಸ್ಥಿತಿಯನ್ನು ಕಾಪಾಡುವುದು. ನೀವು ಒಂದು ಕಡೆ ಹೊಸ ಕಡತ ಸೇರಿಸಿದರೆ ಉಳಿದ ಕಡೆಗಳಲ್ಲಿಯೂ ಸೇರುತ್ತದೆ, ಒಂದು ಕಡೆ ತೆಗೆದರೆ ಉಳಿದ ಕಡೆಗಳಲ್ಲಿಯೂ ತೆಗೆಯಲ್ಪಡುತ್ತದೆ. ಒಂದು ಕಡತ ಕೆಟ್ಟರೆ ಆ ಕೆಟ್ಟ ರೂಪವೇ ಎಲ್ಲೆಡೆಗೂ ಹರಡುತ್ತದೆ. ರ‍್ಯಾನ್ಸಮ್‌ವೇರ್ (ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ದುಷ್ಟ ಸಾಫ್ಟ್‌ವೇರ್) ನಿಮ್ಮ ಕಡತಗಳಿಗೆ ಬೀಗ ಹಾಕಿದರೆ, ಬೀಗ ಬಿದ್ದ ಕಡತಗಳೇ ಕ್ಲೌಡ್‌ಗೂ ಏರುತ್ತವೆ. ಬ್ಯಾಕಪ್ ಎಂದರೆ ಒಂದು ಕಡೆ ಆದದ್ದು ಇನ್ನೊಂದು ಕಡೆಗೆ ತಟ್ಟದಂತೆ ಬೇರೆಯಾಗಿಯೇ ಇರುವ ಪ್ರತಿ. ಇಂಥ ಅನೇಕ ಸೇವೆಗಳಲ್ಲಿ ಕಡತವನ್ನು ಕ್ಲೌಡ್‌ನಲ್ಲಿ ಉಳಿಸಿಕೊಂಡು ಸಾಧನದಲ್ಲಿ ಮಾತ್ರ ಜಾಗ ಬಿಡಿಸಿಕೊಳ್ಳುವ ಆಯ್ಕೆಯೊಂದು ಪ್ರತ್ಯೇಕವಾಗಿಯೇ ಇರುತ್ತದೆ, ನನ್ನದರಲ್ಲಿಯೂ ಇತ್ತು. ಬಲಗಡೆ ಕ್ಲಿಕ್ ಮಾಡಿದಾಗ ತೆರೆಯುವ ಪಟ್ಟಿಯಲ್ಲಿ ಅದು ಡಿಲೀಟ್‌ಗಿಂತ ನಾಲ್ಕು ಸಾಲು ಮೇಲಿತ್ತು.

ಮೂರು ತಿಂಗಳ ನಂತರ ತಂಗಿ ಫೋನ್ ಮಾಡಿ, ತಂದೆಯವರು ತಮ್ಮ ಅಜ್ಜಿಯ ಬಗ್ಗೆ ಹೇಳಿದ ಮುದ್ರಣವನ್ನು ಕಳುಹಿಸು ಎಂದಳು. ಹುಡುಕಿದರೆ ಫೋಲ್ಡರೇ ಇರಲಿಲ್ಲ. ಬೇರೆ ಖಾತೆಯಿಂದ ಲಾಗಿನ್ ಆಗಿರಬಹುದು ಎಂದುಕೊಂಡು ಮತ್ತೆ ಮತ್ತೆ ಒಳಹೋಗಿ ಹೊರಬಂದೆ. ಕ್ಲೌಡ್‌ನ ಕಸದ ಬುಟ್ಟಿ ತೆರೆದರೆ ಅದೂ ಖಾಲಿ. ಅದರ ಮೇಲ್ಭಾಗದಲ್ಲಿ, ಅಳಿಸಿದ ಕಡತಗಳು 30 ದಿನಗಳ ನಂತರ ಶಾಶ್ವತವಾಗಿ ಹೋಗುತ್ತವೆ ಎಂಬ ಒಂದು ಸಾಲು ಇತ್ತು. ನಾನು ಅಳಿಸಿ 94 ದಿನಗಳಾಗಿದ್ದವು. ಒಮ್ಮೆಲೇ ಬಹಳಷ್ಟು ಕಡತಗಳನ್ನು ಅಳಿಸಿದ್ದೀರಿ, ಇದು ನೀವೇ ಮಾಡಿದ್ದೇ ಎಂದು ಕೇಳುವ ಒಂದು ಇಮೇಲನ್ನೂ ಅವರು ಮರುದಿನವೇ ಕಳುಹಿಸಿದ್ದರು. ಅದು ಜಾಹೀರಾತುಗಳ ನಡುವೆ, ಓದದೆ ಬಿಟ್ಟ ನೂರಾರು ಇಮೇಲುಗಳ ಜೊತೆ ಬಿದ್ದಿತ್ತು. ಆ ಇಮೇಲನ್ನು ಓದಿದಾಗ ಆದಷ್ಟು ನೋವು ಖಾಲಿ ಬುಟ್ಟಿಯನ್ನು ನೋಡಿದಾಗಲೂ ಆಗಿರಲಿಲ್ಲ.

ಗ್ರಾಹಕ ಸೇವೆಗೆ ಬರೆದೆ. ಮೊದಲು ಸಿದ್ಧ ಉತ್ತರಗಳು ಬಂದವು, ಐದನೆಯ ದಿನ ಒಬ್ಬರು ಸೌಜನ್ಯದಿಂದಲೇ, ಅವಧಿ ಮುಗಿದ ಕಡತಗಳನ್ನು ಮರಳಿಸಲು ತಮ್ಮಿಂದ ಸಾಧ್ಯವಿಲ್ಲವೆಂದು ಉತ್ತರಿಸಿದರು. ಒಪ್ಪಂದದ ನಿಯಮಗಳಲ್ಲಿ ಅದು ಇದ್ದೇ ಇತ್ತು. ಆದರೂ, ಒಂದು ದಶಕದ ನೆನಪುಗಳನ್ನು ಅಳಿಸುವ ಕಿಟಕಿಯೂ ಒಂದು ಅನಗತ್ಯ ಸ್ಕ್ರೀನ್‌ಶಾಟನ್ನು ಅಳಿಸುವ ಕಿಟಕಿಯೂ ಒಂದೇ ಅಳತೆಯಲ್ಲಿ, ಒಂದೇ ಬಣ್ಣದಲ್ಲಿ ಇರಬಾರದು ಎಂದು ನಾನು ಈಗಲೂ ಗಟ್ಟಿಯಾಗಿ ಹೇಳುತ್ತೇನೆ.

ಇನ್ನು ಮುಂದಿನದು ಗಾಬರಿಯಲ್ಲಿ ನಾನು ಮಾಡಿದ ಎರಡನೆಯ ತಪ್ಪು. ಅಳಿಸಿದ ಕಡತಗಳನ್ನು ಮರಳಿ ತರುತ್ತೇವೆ ಎನ್ನುವ ಸಾಫ್ಟ್‌ವೇರ್ ಒಂದನ್ನು ಇಳಿಸಿಕೊಂಡೆ. ಉಚಿತ ಹಂತದಲ್ಲಿ ಅದು ಲ್ಯಾಪ್‌ಟಾಪನ್ನು ಜಾಲಾಡಿ, ನನ್ನ ಮುದ್ರಣಗಳ ಹೆಸರುಗಳನ್ನೂ ಗಾತ್ರಗಳನ್ನೂ ಸಾಲಾಗಿ ತೋರಿಸಿತು. ನಾನೇ ಇಟ್ಟ ಹೆಸರುಗಳು ಪರದೆಯ ಮೇಲೆ ಮೂಡಿದಾಗ ಅತ್ತುಬಿಟ್ಟೆ. ಹಣ ಕಟ್ಟಿದ ಮೇಲೆ ಕಡತಗಳು ಬಂದವು, ಆದರೆ ಒಂದೂ ತೆರೆಯಲಿಲ್ಲ. ತಿಳಿದವರೊಬ್ಬರು ಒಂದನ್ನು ಬಿಡಿಸಿ ತೋರಿಸಿದರು: ಮೊದಲಿನಿಂದ ಕೊನೆಯವರೆಗೂ ಬರೀ ಸೊನ್ನೆಗಳು. ಹಳೆಯ ತಿರುಗುವ ಹಾರ್ಡ್ ಡಿಸ್ಕ್‌ಗಳಲ್ಲಿ ಅಳಿಸಿದ ಮಾಹಿತಿ, ಅದೇ ಜಾಗದ ಮೇಲೆ ಬೇರೇನಾದರೂ ಬರೆಯುವ ತನಕ ಸಾಮಾನ್ಯವಾಗಿ ಉಳಿದಿರುತ್ತದೆ. ಇಂದಿನ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಇರುವ, ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಡಿಸ್ಕ್‌ಗಳಲ್ಲಿ ಹಾಗಲ್ಲ. ಕಡತ ಅಳಿಸಿದೊಡನೆ ಆಪರೇಟಿಂಗ್ ಸಿಸ್ಟಮ್ 'ಟ್ರಿಮ್' ಎಂಬ ಆದೇಶದ ಮೂಲಕ ಆ ಜಾಗ ಇನ್ನು ಬೇಡವೆಂದು ತಿಳಿಸುತ್ತದೆ, ಎಸ್‌ಎಸ್‌ಡಿ ತನ್ನ ಬಿಡುವಿನಲ್ಲಿ ಅದನ್ನು ತಾನೇ ಒರೆಸಿಬಿಡುತ್ತದೆ. ಹೆಸರು ಮತ್ತು ಗಾತ್ರ ಬೇರೆ ಕೋಷ್ಟಕದಲ್ಲಿ ದಾಖಲಾಗಿರುವುದರಿಂದ ಅವು ಮಾತ್ರ ಉಳಿದು ಆಸೆ ಹುಟ್ಟಿಸುತ್ತವೆ. ಆದುದರಿಂದ ಇಂಥ ಸಾಫ್ಟ್‌ವೇರ್ ಕಡತದ ಒಳಗಿನದನ್ನು ಮುಂಚಿತವಾಗಿ ತೆರೆದು ತೋರಿಸದಿದ್ದರೆ ದಯವಿಟ್ಟು ಹಣ ಕಟ್ಟಬೇಡಿ. ಅದನ್ನು ಕಡತಗಳು ಕಳೆದುಹೋದ ಡಿಸ್ಕಿಗೇ ಇಳಿಸಿಕೊಳ್ಳಲೂಬೇಡಿ, ಉಳಿದಿರಬಹುದಾದ ಅಲ್ಪಸ್ವಲ್ಪದ ಮೇಲೆ ಅದೇ ಬಂದು ಕುಳಿತುಕೊಳ್ಳಬಹುದು.

ಕೊನೆಗೆ ನನ್ನ ಪಾಲಿಗೆ ಉಳಿದದ್ದು, ಹಿಂದೆಂದೋ ತಂಗಿಗೆ ಮೆಸೇಜಿನಲ್ಲಿ ಕಳುಹಿಸಿದ್ದ ಒಂದೇ ಒಂದು ಮುದ್ರಣ. ನಾಲ್ಕು ನಿಮಿಷದ್ದು. ಜೊತೆಗೆ ಅವಳ ಫೋನಿನಲ್ಲಿದ್ದ ಸುಮಾರು 60 ಫೋಟೋಗಳು. ಅವು ಮೆಸೇಜಿನ ಆ್ಯಪ್ ಕುಗ್ಗಿಸಿ ಕಳುಹಿಸಿದ ಪ್ರತಿಗಳಾದ್ದರಿಂದ ದೊಡ್ಡದು ಮಾಡಿದರೆ ಮುಖಗಳು ಕಲಸಿಹೋಗುತ್ತವೆ, ಯಾವ ದಿನ ತೆಗೆದದ್ದು ಎಂಬ ದಾಖಲೆಯೂ ಅವುಗಳಲ್ಲಿ ಇಲ್ಲ.

ಇದು ಅರಿಯದ ಒಬ್ಬ ವ್ಯಕ್ತಿಯ ಎಡವಟ್ಟು ಎಂದು ಯಾರಾದರೂ ಅಂದುಕೊಳ್ಳಬಹುದು. ಆದರೆ ತಿಳಿದವರಿಗೂ ಹೀಗಾಗಿದೆ. 2017ರ ಜನವರಿ 31ರಂದು, ಸಾಫ್ಟ್‌ವೇರ್ ಬರೆಯುವವರು ತಮ್ಮ ಕೋಡ್ ಇಟ್ಟುಕೊಳ್ಳುವ ಸೇವೆಯಾದ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಆದೇಶ ಕೊಟ್ಟು ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಸುಮಾರು 300 ಗಿಗಾಬೈಟ್ ಮಾಹಿತಿ ಹೋಯಿತು. ಬ್ಯಾಕಪ್ ಕಡತಗಳಿಗಾಗಿ ಹುಡುಕಿದಾಗ ಅವು ತಯಾರಾಗುತ್ತಲೇ ಇರಲಿಲ್ಲವೆಂದು ಗೊತ್ತಾಯಿತು, ಬ್ಯಾಕಪ್ ವಿಫಲವಾಗಿದೆ ಎಂದು ತಿಳಿಸಬೇಕಾಗಿದ್ದ ಇಮೇಲುಗಳೂ ಅವರಿಗೆ ತಲುಪುತ್ತಿರಲಿಲ್ಲ. ಬೇರೊಂದು ಕಾರಣಕ್ಕೆ ಸುಮಾರು ಆರು ಗಂಟೆಗಳ ಮುಂಚೆ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಇದನ್ನೆಲ್ಲ ಆ ಸಂಸ್ಥೆಯೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿದೆ, ಅದಕ್ಕಾಗಿ ಅವರ ಬಗ್ಗೆ ನನಗೆ ಗೌರವವಿದೆ. ಹಾಡುಗಳನ್ನು ಹಂಚಿಕೊಳ್ಳಲು ಹೆಸರಾಗಿದ್ದ ಸಾಮಾಜಿಕ ಜಾಲತಾಣ ಮೈಸ್ಪೇಸ್, ತನ್ನ ಸರ್ವರುಗಳನ್ನು ಬದಲಾಯಿಸುವಾಗ ಬಳಕೆದಾರರು 12 ವರ್ಷಗಳ ಕಾಲ ಏರಿಸಿದ್ದ ಹಾಡುಗಳು ಇಲ್ಲವಾದವೆಂದು 2019ರಲ್ಲಿ ಒಪ್ಪಿಕೊಂಡಿತು. ಅವುಗಳಲ್ಲಿ ಸುಮಾರು 4.9 ಲಕ್ಷ ಹಾಡುಗಳಾದರೂ ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಸಂಗ್ರಹಾಲಯದಲ್ಲಿ ಮತ್ತೆ ಕೇಳಲು ಸಿಕ್ಕಿದ್ದಕ್ಕೆ ಕಾರಣ, ಸಂಶೋಧಕರ ಗುಂಪೊಂದು ಅಧ್ಯಯನಕ್ಕೆಂದು ಅವನ್ನು ಮೊದಲೇ ಬೇರೆ ಕಡೆ ಇಳಿಸಿಕೊಂಡಿದ್ದುದು. ನಿಮ್ಮ ತಪ್ಪೇನೂ ಇಲ್ಲದೆಯೂ ಖಾತೆ ಬರಿದಾಗಬಹುದು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು. ತೀರಿಹೋದವರ ಖಾತೆಯಲ್ಲಿ ಫೋಟೋಗಳಿವೆ ಎಂದು ನೆಮ್ಮದಿಯಿಂದಿರುವ ಕುಟುಂಬಗಳು ಇದನ್ನು ಮುಖ್ಯವಾಗಿ ಗಮನಿಸಬೇಕು.

ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ '3-2-1' ನಿಯಮವನ್ನು ನಾನು ಈಗ ಪಾಲಿಸುತ್ತಿದ್ದೇನೆ: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಕ್ಲೌಡ್ ಇದ್ದೇ ಇದೆ. ಅದರ ಜೊತೆಗೆ ಒಂದು ಹಾರ್ಡ್ ಡಿಸ್ಕನ್ನು ವಾರಕ್ಕೊಮ್ಮೆ ಜೋಡಿಸಿ, ಹೊಸ ಕಡತಗಳನ್ನು ಸೇರಿಸಿ, ತಕ್ಷಣ ಬಿಚ್ಚಿ ಕಪಾಟಿನಲ್ಲಿಡುತ್ತೇನೆ. ಸದಾ ಜೋಡಿಸಿಯೇ ಇಟ್ಟ ಡಿಸ್ಕ್ ವೈರಸ್ಸಿಗೂ ನನ್ನ ಅವಸರದ ಬೆರಳಿಗೂ ಸಿಗುತ್ತದೆ. ಇನ್ನೊಂದು ಡಿಸ್ಕ್ ತಂಗಿಯ ಮನೆಯಲ್ಲಿದೆ. ಪೆನ್‌ಡ್ರೈವ್ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದರೊಳಗಿರುವ ಫ್ಲ್ಯಾಶ್ ಮೆಮೊರಿಯಲ್ಲಿ ಮಾಹಿತಿ ವಿದ್ಯುದಾವೇಶದ ರೂಪದಲ್ಲಿ ಇರುವುದರಿಂದ, ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಅದು ಸೋರಿಹೋಗುವ ಸಾಧ್ಯತೆ ಇರುತ್ತದೆ. ಮೂರು ತಿಂಗಳಿಗೊಮ್ಮೆ ಪ್ರತಿ ಡಿಸ್ಕಿನಿಂದಲೂ ಹತ್ತಾರು ಕಡತಗಳನ್ನು ತೆರೆದು, ಆಡಿಸಿ ನೋಡುತ್ತೇನೆ. ಕಡತದ ಹೆಸರು ಕಾಣಿಸಿದ ಮಾತ್ರಕ್ಕೆ ಕಡತ ಇದೆ ಎಂದು ನಂಬುವುದನ್ನು ಆ ಸೊನ್ನೆಗಳನ್ನು ಕಂಡ ಮೇಲೆ ಬಿಟ್ಟಿದ್ದೇನೆ.

ಕಳೆದ ಕೆಲವು ವಾರಗಳಲ್ಲಿ ಜಾಗ ಮಾಡಿಕೊಳ್ಳಲೆಂದು ಫೋನಿನಿಂದಲೋ ಲ್ಯಾಪ್‌ಟಾಪಿನಿಂದಲೋ ಫೋಟೋಗಳನ್ನು, ಫೋಲ್ಡರುಗಳನ್ನು ನೀವು ಅಳಿಸಿದ್ದರೆ, ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ ನಿಮ್ಮ ಕ್ಲೌಡ್ ಖಾತೆಯನ್ನು ಬ್ರೌಸರಿನಲ್ಲಿ ತೆರೆದು, ಅಲ್ಲಿನ ಕಸದ ಬುಟ್ಟಿಯನ್ನು ನೋಡಿ. ಕೆಲವು ಸೇವೆಗಳಲ್ಲಿ 30 ದಿನ, ಕೆಲವು ಫೋಟೋ ಸೇವೆಗಳಲ್ಲಿ 60 ದಿನ ಅವು ಅಲ್ಲಿ ಕಾದಿರುತ್ತವೆ. ನಿಮಗೆ ಬೇಕಾದದ್ದು ಅಲ್ಲಿ ಇನ್ನೂ ಇದ್ದರೆ, ಮರಳಿಸುವ ಗುಂಡಿಯನ್ನು ಒತ್ತಿ, ಬೇರೊಂದು ಡಿಸ್ಕಿಗೆ ಇಳಿಸಿಕೊಂಡು, ಒಂದೆರಡನ್ನು ತೆರೆದು ನೋಡಿದ ಮೇಲೆಯೇ ಮುಂದಿನ ಕೆಲಸಕ್ಕೆ ಹೋಗಿ.