ಅಡುಗೆಮನೆಯಿಂದ ಅಂಗಳಕ್ಕೆ: 24 ದೇವಕಣಗಿಲೆ ಸಸಿ, ನಾಲ್ಕು ದಾರಿ

ಮಡಿಕೇರಿಯಲ್ಲಿ ಬೀಜದಿಂದ ದೇವಕಣಗಿಲೆ ಬೆಳೆಸುತ್ತೇನೆ ಅಂದಾಗ ಅತ್ತೆ ನಕ್ಕರು. ನಗುವಂಥದ್ದೇ. ಅದು ಮೆಕ್ಸಿಕೊ, ಕೆರಿಬಿಯನ್ ಕಡೆಯ ಬಿಸಿ ನೆಲದ ಗಿಡ. ನಮ್ಮದು ಸುಮಾರು 1,150 ಮೀಟರ್ ಎತ್ತರದ ಊರು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗುವುದಿಲ್ಲ, ಡಿಸೆಂಬರ್ ಬಂದರೆ ಸ್ವೆಟರ್ ಇಳಿಸುವ ಹಾಗಿಲ್ಲ. ಆದರೆ ಸೋಮವಾರಪೇಟೆ ಕಡೆಯ ಒಂದು ದೇವಸ್ಥಾನದ ಅಂಗಳದಲ್ಲಿ ಜೋಡಿ ಕೊಂಬಿನ ಹಾಗಿದ್ದ ಒಣ ಕಾಯಿ ಬಿದ್ದಿತ್ತು. ಎತ್ತಿಕೊಂಡೆ. ಒಡೆದು ನೋಡಿದರೆ ಒಳಗೆ ಸಾಲಾಗಿ ರೆಕ್ಕೆಯ ಬೀಜ. ಸುಮ್ನೆ ಬಿಡೋಕೆ ಆಗುತ್ತಾ?

ಸೆಪ್ಟೆಂಬರ್ ಕೊನೆಯಲ್ಲಿ ರೆಕ್ಕೆ ಮಣ್ಣಿನ ಮೇಲೆ ಕಾಣುವ ಹಾಗೆ ಬೀಜ ಊರಿ, ಒಲೆ ಪಕ್ಕದ ಕಿಟಕಿಯಲ್ಲಿಟ್ಟೆ. ಚಳಿಗಾಲ ಪೂರ್ತಿ ಅಲ್ಲೇ. ಫೆಬ್ರವರಿಗೆ 24 ಸಸಿ ಗೇಣುದ್ದ ಬಂದಿದ್ದವು. ಇನ್ನು ಹೊರಗೆ ಹಾಕಬೇಕು. ಹೇಗೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಎಲ್ಲರ ಮಾತನ್ನೂ ನೋಡೋಣ ಅಂತ ಆರಾರು ಸಸಿಯಂತೆ ನಾಲ್ಕು ಗುಂಪು ಮಾಡಿದೆ.

ಮೊದಲ ಆರನ್ನು ನೇರ ಬಿಸಿಲಿಗೆ, ಕಾಫಿ ಒಣಗಿಸುವ ಕಣದ ಅಂಚಿಗೆ ಇಟ್ಟೆ. "ಬಿಸಿಲಿನ ಗಿಡ ತಾನೆ, ಅದಕ್ಕೇನು ಉಪಚಾರ?" ಅನ್ನುವವರ ದಾರಿ ಇದು. ಫೆಬ್ರವರಿಯಲ್ಲಿ ಇಲ್ಲಿ ಗಾಳಿ ತಂಪಾಗಿರುತ್ತದೆ, ಹಾಗಾಗಿ ಬಿಸಿಲಿನ ಚುರುಕು ನಮಗೆ ಗೊತ್ತಾಗುವುದಿಲ್ಲ. ಎಲೆಗೆ ಗೊತ್ತಾಯಿತು. ಮೂರನೇ ದಿನ ಎಲೆ ಬಿಳಿಚಿಕೊಂಡಿತು, ಐದನೇ ದಿನ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯಿತು. ಒಂದು ಸಸಿಯಲ್ಲಿ ಮೇಲಿನ ಎಲೆಯ ನೆರಳು ಕೆಳಗಿನ ಎಲೆ ಮೇಲೆ ಬಿದ್ದಿತ್ತು. ಆ ನೆರಳಿನಷ್ಟು ಜಾಗ, ಕತ್ತರಿಸಿ ಅಂಟಿಸಿದ ಹಾಗೆ, ತುದಿಯ ಚೂಪು ಸಮೇತ ಹಸಿರಾಗಿ ಉಳಿದಿತ್ತು. ಸುತ್ತ ಎಲ್ಲ ಕಂದು.

ಕಿಟಕಿಯಲ್ಲಿ ಬಿಸಿಲು ಬೀಳುತ್ತಿತ್ತಲ್ಲ, ಅಭ್ಯಾಸ ಆಗಿರುತ್ತದೆ ಅಂದುಕೊಂಡಿದ್ದೆ. ಅದೇ ತಪ್ಪು. ಅತಿನೇರಳೆ ಕಿರಣದಲ್ಲಿ ಹೆಚ್ಚು ಸುಡುವಂಥದ್ದನ್ನು ಗಾಜು ಬಹುಪಾಲು ತಡೆದುಬಿಡುತ್ತದೆ. ಒಳಗೆ ಹುಟ್ಟಿದ ಎಲೆ ತೆಳು, ಅದರ ಮೇಣದ ಹೊದಿಕೆಯೂ ತೆಳು. ಸುಟ್ಟ ಎಲೆ ಮತ್ತೆ ಸರಿಯಾಗುವುದಿಲ್ಲ, ಹೊಸ ಎಲೆಗೆ ಕಾಯಬೇಕು. ಎರಡು ಸಸಿ ಕಾಂಡವೇ ಸುಕ್ಕಾಗಿ ಸತ್ತವು. ನಾಲ್ಕು ಚಿಗುರಿದವು, ಆದರೆ ಆರು ವಾರ ಹಿಂದೆ ಬಿದ್ದವು.

ಎರಡನೇ ಗುಂಪಿಗೆ ಹೊತ್ತು ಓಡಾಡುವ ದಾರಿ. ಆರೂ ಸಸಿ ಒಂದು ಕ್ರೇಟಿನಲ್ಲಿ. ಮೊದಲ ದಿನ ಬೆಳಗಿನ ಬಿಸಿಲಲ್ಲಿ ಒಂದು ಗಂಟೆ, ಮಾರನೇ ದಿನ ಎರಡು ಗಂಟೆ, ಹೀಗೆ 12 ದಿನ. ಫಲಿತಾಂಶದ ಲೆಕ್ಕದಲ್ಲಿ ಇದಕ್ಕೆ ಹೆಸರಿಡುವ ಹಾಗಿಲ್ಲ. ಗಾಳಿಗೆ ಅಲುಗಾಡಿ ಕಾಂಡ ಗಟ್ಟಿಯಾಯಿತು, ಎಲೆ ದಪ್ಪ ಆಯಿತು. ತೊಂದರೆ ಇರುವುದು ಗಿಡದಲ್ಲಲ್ಲ, ನಮ್ಮಲ್ಲಿ. ಐದನೇ ದಿನ ವಿರಾಜಪೇಟೆಯಲ್ಲಿ ಮದುವೆ. ಕ್ರೇಟ್ ಹೊರಗಿಟ್ಟವಳು ಹಾಗೇ ಕಾರು ಹತ್ತಿದ್ದೆ. ನೆನಪಾದದ್ದು ಊಟದ ಪಂಕ್ತಿಯಲ್ಲಿ. ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಸಂಜೆ ಬಂದು ನೋಡಿದರೆ ಒಂದು ಸಸಿಯ ಎರಡು ಎಲೆ ಹೋಗಿತ್ತು. ಅಷ್ಟಕ್ಕೇ ಮುಗಿದದ್ದು ಪುಣ್ಯ. ದಿನವಿಡೀ ಮನೆಯಲ್ಲಿರುವವರಿಗೆ, ಅದೂ ಹತ್ತು ಗಿಡದ ಒಳಗೆ ಇದ್ದರೆ, ಈ ದಾರಿ ಸರಿ. ಸೊಂಟ ನೋವಿನ ಬಗ್ಗೆ ನಾನು ಬೇರೆ ಹೇಳುವುದಿಲ್ಲ.

ಮೂರನೆಯದು ಶೇಡ್ ನೆಟ್. ನಾಲ್ಕು ಬಿದಿರು ಗಳ ಹುಗಿದು, ಮೇಲೆ 50 ಶೇಕಡಾ ಬಿಸಿಲು ತಡೆಯುವ ಹಸಿರು ನೆಟ್ ಕಟ್ಟಿದೆ. ಒಂದು ವಾರ ಎಲೆಗೆ ಏನೂ ಆಗಲಿಲ್ಲ. ಗೆದ್ದೆ ಅಂದುಕೊಂಡು ನೆಟ್ ಬಿಚ್ಚುವ ಹೊತ್ತಿಗೆ, ಕಾಫಿ ನರ್ಸರಿ ಮಾಡುವ ಪಕ್ಕದ ತೋಟದ ಅಣ್ಣ ಬೇಲಿ ಆಚೆಯಿಂದ ಕೇಳಿದರು:

"ಏನಕ್ಕ, ಒಂದೇ ಸಲ ತೆಗೀತೀರಾ? ಹಾಗಿದ್ರೆ ಹಾಕಿದ್ದು ಯಾಕೆ?"

ಕಾಫಿ ಸಸಿಗೆ ಚಪ್ಪರ ಹಾಕುವವರು ಅದನ್ನು ಒಂದೇ ದಿನ ಕೀಳುವುದಿಲ್ಲ ಅಲ್ವಾ? ಮಳೆಗಾಲ ಹತ್ತಿರ ಬಂದ ಹಾಗೆ ಮೇಲಿನ ಸೊಪ್ಪನ್ನು ಸ್ವಲ್ಪ ಸ್ವಲ್ಪ ತೆಳು ಮಾಡುತ್ತಾ ಬರುತ್ತಾರೆ. ಹುಟ್ಟಿದಾಗಿನಿಂದ ನೋಡಿದ ಕೆಲಸ, ಹೂವಿನ ಗಿಡದ ವಿಷಯಕ್ಕೆ ಬಂದಾಗ ತಲೆಗೇ ಹೋಗಿರಲಿಲ್ಲ. ಆದರೂ ಹಟ. ಮೂರು ಸಸಿಯನ್ನು ಒಮ್ಮೆಗೇ ಆಚೆ ತೆಗೆದೆ. ಉಳಿದ ಮೂರಕ್ಕೆ ಬೆಳಿಗ್ಗೆ ಹತ್ತರ ತನಕ ಮಾತ್ರ ನೆಟ್ ಸುತ್ತಿಟ್ಟು, ಎರಡು ದಿನಕ್ಕೊಮ್ಮೆ ಒಂದೊಂದು ಗಂಟೆ ಮುಂದೆ ಹಾಕಿದೆ. ಒಮ್ಮೆಗೇ ತೆಗೆದ ಮೂರರ ಎಲೆ ಅಂಚು ಕರಕಲಾಯಿತು. ಇನ್ನು ಮೂರಕ್ಕೆ ಒಂದು ಚುಕ್ಕೆಯೂ ಇಲ್ಲ.

ನೆಟ್‌ನ ಇನ್ನೊಂದು ಗುಣ ಮಾರ್ಚ್ ಕೊನೆಯಲ್ಲಿ ಗೊತ್ತಾಯಿತು. ಕಾಫಿ ಹೂ ಅರಳಿಸುವ ಹೂಮಳೆ ಬಂತು ಅಂತ ತೋಟದವರೆಲ್ಲ ಖುಷಿಯಲ್ಲಿದ್ದಾಗ ಅದರ ಜೊತೆಗೇ ಆಲಿಕಲ್ಲು. ನಾನು ಓಡಿಹೋಗಿ ಸುತ್ತಿಟ್ಟಿದ್ದ ನೆಟ್ ಎಳೆದು, ಕ್ರೇಟನ್ನೂ ಅದರಡಿ ತಳ್ಳಿದೆ. ಐದು ನಿಮಿಷದಲ್ಲಿ ನೆಟ್ ನಡುವೆ ಕಲ್ಲು ತುಂಬಿ ಜೋಲಿಯ ಹಾಗೆ ಇಳಿಬಿದ್ದಿತ್ತು. ಅಡಿಯಲ್ಲಿದ್ದ ಒಂದು ಎಲೆಯೂ ಹರಿಯಲಿಲ್ಲ. ಕಣದ ಅಂಚಿನಲ್ಲಿ ಆಗಷ್ಟೇ ಚಿಗುರುತ್ತಿದ್ದ ನಾಲ್ಕು ಮತ್ತೆ ಚಿಂದಿ. ಪಾಪ.

ನಾಲ್ಕನೇ ಗುಂಪು ಸಿಲ್ವರ್ ಓಕ್ ಮರದಡಿ ಇತ್ತು. ಖರ್ಚಿಲ್ಲ, ಹೊರುವ ಕೆಲಸ ಇಲ್ಲ, ಚೂರು ಚೂರು ಬಿಸಿಲು ದಿನವಿಡೀ ಜಾಗ ಬದಲಾಯಿಸುತ್ತದೆ. ಎಲೆ ಸುಡಲಿಲ್ಲ. ಆದರೆ ಸಸಿಗಳು ಬೆಳಕಿನ ಕಡೆ ವಾಲಿ ಉದ್ದುದ್ದ ಆದವು, ಉದುರಿದ ಎಲೆ ಕುಂಡದ ಮೇಲೆ ಚಾಪೆ ಹಾಸಿತು, ಒಂದರ ಮೇಲೆ ಒಣ ಕೊಂಬೆ ಬಿದ್ದು ಕತೆ ಮುಗಿಯಿತು. ಆಂಥೂರಿಯಂ ಆದರೆ ಅಲ್ಲೇ ಶಾಶ್ವತವಾಗಿ ಇರಲಿ, ಅದಕ್ಕೆ ನೆರಳೇ ಬೇಕು. ದೇವಕಣಗಿಲೆಗೆ ಮರದಡಿ ಒಂದು ವಾರದ ತಂಗುದಾಣ, ಅಷ್ಟೇ.

ಇದೇ ಸಮಯಕ್ಕೆ ದಾಸವಾಳದ ಕಡ್ಡಿಗಳನ್ನೂ ಹೊರಗೆ ಹಾಕಿದ್ದೆ. ನಮ್ಮ ಹಳೇ ಕೆಂಪು ದಾಸವಾಳಕ್ಕೆ ಯಾವ ದಾರಿಯಾದರೂ ಒಂದೇ. ನಾಲ್ಕು ಎಲೆ ಹಳದಿ ಮಾಡಿ ಉದುರಿಸಿ ಸುಧಾರಿಸಿಕೊಂಡಿತು. ನರ್ಸರಿಯಿಂದ ತಂದ ದೊಡ್ಡ ಹೂವಿನ ಹೈಬ್ರಿಡ್ ಮಾತ್ರ ಜಾಗ ಬದಲಾದಾಗಲೆಲ್ಲ ಮೊಗ್ಗು ಬೀಳಿಸಿ ಮುನಿಸು ತೋರಿಸಿತು.

ಏಪ್ರಿಲ್ ಕೊನೆಗೆ ನನ್ನ ಕೈಯಲ್ಲಿ 21 ದೇವಕಣಗಿಲೆ. ಬಿಸಿಲಿನ ಪರೀಕ್ಷೆ ಆಯಿತು, ಇನ್ನೇನು ಅಂದುಕೊಂಡೆ. ಅಸಲಿ ಪರೀಕ್ಷೆ ಆಮೇಲೆ ಶುರುವಾಯಿತು. ಏಳನ್ನು ಅಂಗಳದ ಮಣ್ಣಿನಲ್ಲೇ ನೆಟ್ಟೆ, ಮಣ್ಣು ಏರಿಸಿ ಮರಳು ಸೇರಿಸಿಯೇ ನೆಟ್ಟೆ. ಎಂಟನ್ನು ಕುಂಡದಲ್ಲಿ ಜಗಲಿಯ ಸೂರಿನಡಿ ಇಟ್ಟೆ. ಆರನ್ನು ಕುಶಾಲನಗರದ ತಂಗಿಗೆ ಕೊಟ್ಟೆ.

ಜುಲೈನಲ್ಲಿ ಬಿಡದೆ ಹೊಯ್ದ ಮಳೆಗೆ ನೆಲದಲ್ಲಿದ್ದ ಏಳರಲ್ಲಿ ನಾಲ್ಕು ಹೋದವು. ಒಂದರ ಬುಡ ಹಿಡಿದು ನೋಡಿದೆ. ಹೊರಗೆ ಸಿಪ್ಪೆ ಚೆನ್ನಾಗಿತ್ತು, ಒತ್ತಿದರೆ ಕೊಳೆತ ಬಾಳೆಹಣ್ಣಿನ ಹಾಗೆ ಬೆರಳು ಒಳಗಿಳಿಯಿತು. ಸತ್ತ ಆ ನಾಲ್ಕರಲ್ಲಿ ಎರಡು, ನೆಟ್ ಅಡಿಯಲ್ಲಿ ಒಂದು ಚುಕ್ಕೆಯೂ ಇಲ್ಲದೆ ಬೆಳೆದಿದ್ದಂಥವು. ಬಿಸಿಲಿಗೆ ಎಷ್ಟೇ ಚೆನ್ನಾಗಿ ಒಗ್ಗಿಸಿದರೂ ಒದ್ದೆ ಬುಡಕ್ಕೆ ಅದು ಯಾವ ಲೆಕ್ಕಕ್ಕೂ ಬರಲಿಲ್ಲ. ಸೂರಿನಡಿಯ ಎಂಟೂ ಬದುಕಿದವು. ಎಲೆ ಅಡಿಯಲ್ಲಿ ಅರಿಶಿನ ಪುಡಿ ಉದುರಿಸಿದ ಹಾಗೆ ತುಕ್ಕು ರೋಗ ಬಂತು, ಆ ಎಲೆ ಕಿತ್ತು ಸುಟ್ಟೆ, ಅಷ್ಟೇ.

ತಂಗಿಯ ಊರು ನಮಗಿಂತ ಸುಮಾರು 300 ಮೀಟರ್ ಕೆಳಗೆ, ಮಳೆಯೂ ಎಷ್ಟೋ ಕಡಿಮೆ. ಅವಳು ಆರನ್ನೂ ಏನೂ ಯೋಚಿಸದೆ ಕಾಂಪೌಂಡ್ ಪಕ್ಕ ನೆಟ್ಟಳು. ಆರೂ ಇವೆ. ಒಂದರ ತುದಿಯನ್ನು ಪಕ್ಕದ ಮನೆ ಹುಡುಗರ ಚೆಂಡು ಮುರಿದಿತ್ತು, ಅದೀಗ ಎರಡು ಕವಲೊಡೆದು ಎಲ್ಲದಕ್ಕಿಂತ ಚೆಂದ ಕಾಣುತ್ತದೆ. "ಅಕ್ಕ, ನೀನು ಜಾಸ್ತಿ ಆರೈಕೆ ಮಾಡ್ತೀಯ, ಅದಕ್ಕೇ" ಅಂತಾಳೆ. ಅವಳ ಊರಲ್ಲಿ ಕೂತು ಹೇಳುವುದು ಸುಲಭ.

ಹಾಗಾಗಿ ಕುಶಾಲನಗರದ ಕಡೆಯವರು ಎರಡು ವಾರ ನೆಟ್ ಅಡಿ ಇಟ್ಟು, ನೆರಳು ತೆಳು ಮಾಡುತ್ತಾ ಬಂದು ನೆಲಕ್ಕೇ ನೆಡಿ. ಮಡಿಕೇರಿ, ಭಾಗಮಂಡಲದ ಕಡೆಯವರು ನೆಟ್ ಅಷ್ಟೇ ಕಟ್ಟಿ, ಆದರೆ ಮೊದಲ ಮಳೆಗಾಲ ಕುಂಡದಲ್ಲೇ, ಸೂರಿನಡಿಯಲ್ಲೇ ಕಳೆಯಲಿ. ಅಡೀನಿಯಂ ಇದ್ದರೆ ಅದಕ್ಕೂ ಇದೇ ಮಾತು. ನನ್ನ ಎಂಟು ಕುಂಡ ಈಗ ಎಲೆ ಉದುರಿಸಿ ಬೋಳು ಕಡ್ಡಿಯಾಗಿ ನಿಂತಿವೆ. ಸತ್ತಿಲ್ಲ, ಚಳಿಗೆ ನಿದ್ದೆ. ನೀರು ಹೆಚ್ಚುಕಡಿಮೆ ನಿಲ್ಲಿಸಿದ್ದೇನೆ.

ಒಲೆ ಪಕ್ಕದ ಕಿಟಕಿಯಲ್ಲಿ ಈ ಸಲದ 15 ಸಸಿಗಳಿವೆ. ನೆಟ್ ಅಟ್ಟದ ಮೇಲಿದೆ. ಒಂದು ಮೂಲೆಯನ್ನು ಇಲಿ ಕಡಿದಿದೆ, ಫೆಬ್ರವರಿ ಬರುವಷ್ಟರಲ್ಲಿ ಹೊಲಿಯಬೇಕು.