ಮಕ್ಕಳ ಕೈಗೆ ಕಾರ್ಡು, ಟೀಚರ್ ಕೈಗೆ ಫೋನು: ಪ್ಲಿಕರ್ಸ್ ಬಳಸಿ ನೋಡಿದ ಮೇಲೆ

ತರಗತಿಗೆ ಇಂಥ ಆ್ಯಪ್ ತನ್ನಿ, ಅಂಥ ಆ್ಯಪ್ ತನ್ನಿ ಅಂತ ಹೇಳುವವರೆಲ್ಲ ಒಂದು ವಿಷಯ ಮರೆಯುತ್ತಾರೆ. ಸರ್ಕಾರಿ ಪ್ರಾಥಮಿಕ ಶಾಲೆಯ ಕೋಣೆಯಲ್ಲಿ ಫೋನ್ ಇರುವುದು ಒಬ್ಬರ ಹತ್ತಿರ ಮಾತ್ರ. ಅದು ಟೀಚರ್ ಹತ್ತಿರ. ಅದರ ಡೇಟಾ ಕೂಡ ಅವರದೇ ಖರ್ಚು. ಈ ಲೆಕ್ಕ ಇಟ್ಟುಕೊಂಡು ನೋಡಿದರೆ ಚಂದ ಚಂದದ ಆ್ಯಪ್‌ಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಉದುರಿಹೋಗುತ್ತವೆ. ಉಳಿದವುಗಳಲ್ಲಿ ನಾನು ಕೆಲವು ವರ್ಷಗಳಿಂದ ಬಿಡದೆ ಬಳಸುತ್ತಿರುವುದು ಪ್ಲಿಕರ್ಸ್. ನಾನು ನಾಲ್ಕು ಮತ್ತು ಐದನೇ ತರಗತಿಗೆ ಗಣಿತ, ಪರಿಸರ ಅಧ್ಯಯನ ಹೇಳಿಕೊಡುವುದು. ಆ ಮಟ್ಟಿಗೆ ಈ ವಿಮರ್ಶೆ.

ಪ್ಲಿಕರ್ಸ್ ಶುರುಮಾಡಿದ್ದು ಅಮೆರಿಕದ ಒಬ್ಬ ಗಣಿತ ಶಿಕ್ಷಕ. ಅದು ಬಳಸುವಾಗಲೇ ಗೊತ್ತಾಗುತ್ತದೆ. ಪ್ರತಿ ಮಗುವಿಗೆ ಒಂದು ಕಾಗದದ ಕಾರ್ಡು. ಅದರ ಮೇಲೆ ಕ್ಯೂಆರ್ ಕೋಡಿನ ಹಾಗೆ ಕಾಣುವ ಕಪ್ಪು ಆಕಾರ, ಮೂಲೆಯಲ್ಲಿ ಒಂದು ಸಂಖ್ಯೆ, ನಾಲ್ಕು ಬದಿಗೆ ಸಣ್ಣದಾಗಿ ಎ, ಬಿ, ಸಿ, ಡಿ. ನೀವು ಪ್ರಶ್ನೆ ಕೇಳುತ್ತೀರಿ. ಮಗು ತನ್ನ ಉತ್ತರದ ಅಕ್ಷರ ಮೇಲೆ ಬರುವ ಹಾಗೆ ಕಾರ್ಡು ಎತ್ತಿ ಹಿಡಿಯುತ್ತದೆ. ನೀವು ಫೋನಿನ ಕ್ಯಾಮೆರಾವನ್ನು ತರಗತಿಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿದರೆ ಮುಗಿಯಿತು. ಯಾರು ಏನು ಹೇಳಿದರು ಅಂತ ಹೆಸರಿನ ಸಮೇತ ಪರದೆಯಲ್ಲಿ ಬರುತ್ತದೆ. ಒಬ್ಬೊಬ್ಬರ ಕಾರ್ಡಿನ ಆಕಾರವೂ ಬೇರೆ ಬೇರೆ. ಪಕ್ಕದವರ ಕಾರ್ಡು ನೋಡಿ ಹಾಗೇ ಹಿಡಿದರೆ ಉತ್ತರ ಒಂದೇ ಆಗುತ್ತದೆ ಅಂತ ಹೇಳಲಾಗದು. ಅಕ್ಷರ ಸಣ್ಣದಿರುವುದರಿಂದ ಕದ್ದು ಓದುವುದೂ ಕಷ್ಟ.

ಪ್ರೊಜೆಕ್ಟರ್ ಇದ್ದರೆ ಪ್ರಶ್ನೆಯನ್ನು ದೊಡ್ಡದಾಗಿ ತೋರಿಸಬಹುದು. ಇಲ್ಲದಿದ್ದರೂ ಏನೂ ಕೆಡುವುದಿಲ್ಲ. ನಾನು ಹೆಚ್ಚಾಗಿ ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಬರೆದು, ಫೋನಿನಲ್ಲಿ ಸ್ಕ್ಯಾನ್ ಮಾತ್ರ ಮಾಡುತ್ತೇನೆ. ಕರೆಂಟ್ ಇಲ್ಲದ ದಿನವೂ ನಡೆಯುತ್ತದೆ.

ಇದರ ನಿಜವಾದ ಬೆಲೆ ಗೊತ್ತಾಗುವುದು ಭಿನ್ನರಾಶಿ ಪಾಠದಲ್ಲಿ. 1/3 ದೊಡ್ಡದೋ 1/4 ದೊಡ್ಡದೋ ಅಂತ ಬಾಯಲ್ಲಿ ಕೇಳಿ ನೋಡಿ. ಮುಂದಿನ ಸಾಲಿನ ಇಬ್ಬರು “1/3 ಮಿಸ್” ಅನ್ನುತ್ತಾರೆ, ಉಳಿದವರು ರಾಗ ಎಳೆದು ಅದನ್ನೇ ಹೇಳುತ್ತಾರೆ. ಎಲ್ಲರಿಗೂ ಬಂದಿದೆ ಅಂದುಕೊಂಡು ನಾವು ಮುಂದಿನ ಪುಟಕ್ಕೆ ಹೋಗುತ್ತೇವೆ. ಅದೇ ಪ್ರಶ್ನೆ ಕಾರ್ಡಿನಲ್ಲಿ ಕೇಳಿದರೆ ಫೋನಿನ ಪರದೆ ತುಂಬ ಕೆಂಪು. ಅರ್ಧಕ್ಕಿಂತ ಜಾಸ್ತಿ ಮಕ್ಕಳು 1/4 ಹಿಡಿದಿರುತ್ತಾರೆ, ಮೂರಕ್ಕಿಂತ ನಾಲ್ಕು ದೊಡ್ಡದು ಅಲ್ವಾ ಅನ್ನುವ ನ್ಯಾಯದಲ್ಲಿ. ಛೇದ ದೊಡ್ಡದಾದಷ್ಟೂ ತುಂಡು ಚಿಕ್ಕದು ಅನ್ನುವುದು ಅವರಿಗೆ ಹೊಳೆದೇ ಇರುವುದಿಲ್ಲ. ಆಗ ಪಾಠ ಅಲ್ಲಿಗೇ ನಿಲ್ಲಿಸಿ, ಒಂದೇ ಅಳತೆಯ ಎರಡು ಕಾಗದದ ಪಟ್ಟಿ ಕೊಟ್ಟು ಒಂದನ್ನು ಮೂರು ಮಡಿಕೆ, ಇನ್ನೊಂದನ್ನು ನಾಲ್ಕು ಮಡಿಕೆ ಮಾಡಿಸಬೇಕು. ಮಡಚಿದ ಮೇಲೆ ಅದೇ ಪ್ರಶ್ನೆ ಮತ್ತೆ ಕೇಳಿದರೆ ಹಸಿರು ಎಷ್ಟು ಹೆಚ್ಚಿತು ಅಂತ ಅಲ್ಲೇ ಕಾಣುತ್ತದೆ. ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಕಲಿಸುತ್ತಿರುವಾಗಲೇ ಮಕ್ಕಳಿಗೆ ಎಷ್ಟು ಬಂದಿದೆ ಅಂತ ನೋಡಿಕೊಳ್ಳುವುದು ಅಂತ ತರಬೇತಿಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅದು ಐದು ನಿಮಿಷದಲ್ಲಿ ಮುಗಿಯುವ ಕೆಲಸ ಅಂತ ನನಗೆ ಅನ್ನಿಸಿದ್ದು ಇದರಿಂದ.

ಇನ್ನೊಂದು ವಿಷಯ, ಬಾಯಿ ಬಿಡದ ಮಕ್ಕಳದ್ದು. ತಪ್ಪಾದರೆ ಎಲ್ಲರೂ ನಗುತ್ತಾರೆ ಅಂತ ಕೈ ಎತ್ತದೇ ಕೂರುವ ಮಗು ಕಾರ್ಡನ್ನಂತೂ ಎತ್ತುತ್ತದೆ. ಅದರ ಉತ್ತರ ಕಾಣುವುದು ನನಗೊಬ್ಬಳಿಗೇ.

ಈಗ ಕಾರ್ಡು ಹಿಡಿಯುವ ವಿಚಾರ. ಯಾವ ಪರಿಚಯದ ವೀಡಿಯೋದಲ್ಲೂ ಇದನ್ನು ಸರಿಯಾಗಿ ಹೇಳಿದ್ದು ನಾನು ನೋಡಿಲ್ಲ. ಅಕ್ಷರಗಳು ಇರುವುದು ಆಕಾರ ಇರುವ ಮುಖದಲ್ಲೇ. ಮಗು ಮೊದಲು ತನ್ನ ಕಡೆಗೆ ನೋಡಿಕೊಂಡು ‘ಬಿ’ಯನ್ನು ಮೇಲೆ ತರುತ್ತದೆ, ಆಮೇಲೆ ಕಾರ್ಡನ್ನು ನಮ್ಮ ಕಡೆ ತಿರುಗಿಸಬೇಕು. ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ತಿರುಗಿಸಿದರೆ ‘ಬಿ’ ಮೇಲೆಯೇ ಉಳಿಯುತ್ತದೆ. ದೋಸೆಯಂತೆ ಮಗುಚಿದರೆ ಕೆಳಗಿದ್ದ ‘ಡಿ’ ಮೇಲೆ ಬಂದುಬಿಡುತ್ತದೆ! ಮಗುವಿಗೆ ಉತ್ತರ ಗೊತ್ತು, ಫೋನಿಗೆ ಅದು ತಪ್ಪು. ಇದಕ್ಕೆ ಮದ್ದು ಸುಲಭ. ಕಾರ್ಡಿನ ಹಿಂಬದಿಯಲ್ಲೂ ಆಯಾ ಅಂಚಿಗೆ ಸರಿಯಾಗಿ ಅದೇ ಅಕ್ಷರವನ್ನು ಪೆನ್ಸಿಲಿನಲ್ಲಿ ಬರೆದುಬಿಡಿ. ಆಕಾರ ಟೀಚರ್ ಕಡೆಗೆ, ತನ್ನ ಕಡೆ ಕಾಣುವ ಅಕ್ಷರ ಮೇಲಕ್ಕೆ, ಅಷ್ಟೇ. ತಿರುಗಿಸುವ ಗೊಡವೆಯೇ ಇಲ್ಲ. ಹಾಗೇ ಬೆರಳು ಕಪ್ಪು ಆಕಾರದ ಮೇಲೆ ಬರಬಾರದು, ಬಂದರೆ ಕ್ಯಾಮೆರಾ ಓದುವುದಿಲ್ಲ. ಅಂಚಿನಲ್ಲಿ ಹಿಡಿಯಿರಿ, ಎದೆಯ ಮುಂದೆ ಹಿಡಿಯಿರಿ ಅಂತ ಮೊದಲ ವಾರ ಹೇಳುತ್ತಲೇ ಇರಬೇಕು.

ಕಾರ್ಡುಗಳು ಅವರ ವೆಬ್‌ಸೈಟಿನಲ್ಲಿ ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತವೆ. ಸಾಮಾನ್ಯ ಸೆಟ್ಟಿನಲ್ಲಿ 40 ಕಾರ್ಡು, ದೊಡ್ಡ ತರಗತಿಗೆ 63ರ ಸೆಟ್ಟೂ ಇದೆ. ಬಣ್ಣ ಬೇಡ, ಕಪ್ಪು ಬಿಳುಪು ಸಾಕು. ಸ್ವಲ್ಪ ದಪ್ಪ ಹಾಳೆಯ ಮೇಲೆ ಪ್ರಿಂಟ್ ತೆಗೆಸಿ. ಬಾಳಿಕೆ ಬರಲಿ ಅಂತ ಹೊಳೆಯುವ ಲ್ಯಾಮಿನೇಷನ್ ಮಾಡಿಸಲು ಹೋಗಬೇಡಿ. ಕಿಟಕಿಯ ಬೆಳಕು ಬಿದ್ದು ಮಿನುಗಿದರೆ ಸ್ಕ್ಯಾನ್ ಆಗುವುದಿಲ್ಲ. ಮ್ಯಾಟ್ ಲ್ಯಾಮಿನೇಷನ್ ಸಿಕ್ಕರೆ ಸರಿ, ಇಲ್ಲವಾದರೆ ಹಳೆಯ ಆಮಂತ್ರಣ ಪತ್ರಿಕೆಯ ರಟ್ಟಿಗೆ ಅಂಟಿಸಿ. ನಮ್ಮಲ್ಲಿ ಮದುವೆ ಕಾಗದಕ್ಕೇನು ಬರ!

ಆನ್‌ಲೈನ್ ಕ್ವಿಜ್ ಆಟ ಕಹೂಟ್ ಯಾಕಲ್ಲ ಅಂತ ಕೇಳುವವರಿದ್ದಾರೆ. ಕಹೂಟ್ ಮಜಾ ಇದೆ, ಸಂಗೀತ ಇದೆ, ಮಕ್ಕಳು ಕುಣಿಯುತ್ತಾರೆ. ಆದರೆ ಉತ್ತರ ಒತ್ತಲು ಮಕ್ಕಳ ಕೈಯಲ್ಲಿ ಫೋನೋ ಟ್ಯಾಬೋ ಬೇಕು. ಜೊತೆಗೆ ಅದರ ಸಾಮಾನ್ಯ ಆಟದಲ್ಲಿ ಬೇಗ ಒತ್ತಿದವರಿಗೆ ಜಾಸ್ತಿ ಅಂಕ. ಒಂದು ಪ್ರಶ್ನೆಗೆ 1000 ಅಂಕದವರೆಗೆ ಇರುತ್ತದೆ, ತಡವಾದಷ್ಟೂ ಇಳಿಯುತ್ತದೆ. ಬೆರಳು ಮಡಚಿ ಎಣಿಸಿ ಸರಿಯುತ್ತರ ಹೇಳುವ ಮಗು ಅಲ್ಲಿ ಯಾವಾಗಲೂ ಕೆಳಗೆ. ನಾಲ್ಕನೇ ತರಗತಿಯ ಗಣಿತಕ್ಕೆ ಆ ಅವಸರ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪ್ಲಿಕರ್ಸ್‌ನಲ್ಲಿ ಗಡಿಯಾರದ ಕಾಟ ಇಲ್ಲ.

ಹಾಗಂತ ಕೊರತೆಗಳಿಲ್ಲ ಅಂತಲ್ಲ. ಉಚಿತ ಖಾತೆಯಲ್ಲಿ ಪ್ರಶ್ನೆಗಳ ಒಂದು ಸೆಟ್ಟಿಗೆ ಐದೇ ಪ್ರಶ್ನೆ. ಜಾಸ್ತಿ ಬೇಕಾದರೆ ದುಡ್ಡು ಕೊಡಬೇಕು, ಆ ದರ ಅಮೆರಿಕದ ಶಾಲೆಗಳ ಲೆಕ್ಕದ್ದು. ನಿಜ ಹೇಳಬೇಕೆಂದರೆ ಒಂದು ಪಾಠದ ಮಧ್ಯೆ ಐದು ಪ್ರಶ್ನೆ ಧಾರಾಳವಾಯಿತು, ಘಟಕ ಪರೀಕ್ಷೆಗೆ ಮಾತ್ರ ಸಾಲದು. ಪ್ರಶ್ನೆಯನ್ನು ಕನ್ನಡದಲ್ಲಿ ಟೈಪ್ ಮಾಡಬಹುದು, ಆದರೆ ಆ್ಯಪ್‌ನ ಗುಂಡಿಗಳೆಲ್ಲ ಇಂಗ್ಲಿಷಿನಲ್ಲಿವೆ. ಸ್ವಲ್ಪ ಇಂಟರ್ನೆಟ್ ಬೇಕೇ ಬೇಕು. ನಮ್ಮ ಶಾಲೆಯ ಹಿಂದಿನ ಕೋಣೆಯಲ್ಲಿ ಸಿಗ್ನಲ್ ಸಿಗುವುದು ಬಾಗಿಲ ಹತ್ತಿರ ಮಾತ್ರ, ಹಾಗಾಗಿ ನಾನು ಸ್ಕ್ಯಾನ್ ಮಾಡುವುದೂ ಬಾಗಿಲಿಂದಲೇ. ಎಲ್ಲಕ್ಕಿಂತ ದೊಡ್ಡ ಮಿತಿ ಅಂದರೆ ಇದರಲ್ಲಿ ಆಯ್ಕೆ ಪ್ರಶ್ನೆ ಬಿಟ್ಟು ಬೇರೇನೂ ಕೇಳಲಾಗದು. ಸುಮ್ನೆ ಒಂದು ಕಡೆ ತಿರುಗಿಸಿ ಹಿಡಿದರೂ ನಾಲ್ಕರಲ್ಲಿ ಒಂದು ಸಲ ಸರಿಯಾಗುತ್ತದೆ. ಅದಕ್ಕೇ ಹಸಿರು ಬಂದ ಮಕ್ಕಳಲ್ಲಿ ಒಬ್ಬಿಬ್ಬರನ್ನು “ಯಾಕೆ ಹಾಗೆ?” ಅಂತ ಕೇಳುವುದು ಬಿಡಬಾರದು.

ಹೆಸರು ತುಂಬಿಸುವಾಗ ಒಂದು ಎಚ್ಚರ. ಮಕ್ಕಳ ಪೂರ್ತಿ ಹೆಸರು, ಊರು, ತಂದೆಯ ಹೆಸರು ಹಾಕುವ ಅಗತ್ಯವೇ ಇಲ್ಲ. ಹಾಜರಿ ಸಂಖ್ಯೆ ಹಾಕಿದರೆ ಸಾಕು. 18 ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅಂತ 2023ರ ದತ್ತಾಂಶ ರಕ್ಷಣೆ ಕಾಯ್ದೆ ಹೇಳುತ್ತದೆ. ಇದನ್ನು ಹೇಳಲು ಕಾರಣ ಇದೆ. ನಾನು ಮೊದಲು ಹಾಕಿಕೊಂಡಿದ್ದ ಇನ್ನೊಂದು ಕ್ವಿಜ್ ಆ್ಯಪ್ (ಹೆಸರು ಬೇಡ ಬಿಡಿ) ಪ್ರತಿ ಮಗುವಿನ ಇಮೇಲ್ ಕೇಳುತ್ತಿತ್ತು. ಒಂದು ದಿನ ಪಾಠದ ನಡುವೆ ರಮ್ಮಿ ಆಟದ ಜಾಹೀರಾತು ತೋರಿಸಿತು. ಅವತ್ತೇ ತೆಗೆದುಹಾಕಿದೆ.

ಇದರ ಜೊತೆಗೆ ಇನ್ನೇನು ಬಳಸುತ್ತೀರಿ ಅಂದರೆ, ಸರ್ಕಾರದ ಪಾಠಗಳ ಆ್ಯಪ್ ದೀಕ್ಷಾ ಇದೆ. 2017ರ ಶಿಕ್ಷಕರ ದಿನದಂದು ಶುರುವಾದದ್ದು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹರಿದುಹೋಗಿದ್ದರೆ ಕೆಳಗಿನ ಆರು ಅಕ್ಷರದ ಕೋಡ್ ಟೈಪ್ ಮಾಡಿದರೂ ಪಾಠ ತೆರೆಯುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಎಲ್ಲ ವೀಡಿಯೋಗಳೂ ಮಕ್ಕಳಿಗೆ ಹಿಡಿಸುವುದಿಲ್ಲ, ಆರಿಸಿ ತೋರಿಸಬೇಕು. ಭಿನ್ನರಾಶಿಗೆ ಕೊಲೊರಾಡೋ ವಿಶ್ವವಿದ್ಯಾಲಯದ ಫೆಟ್ (ಪರದೆಯ ಮೇಲೆ ಮಾಡಿ ನೋಡುವ ಗಣಿತ, ವಿಜ್ಞಾನದ ಪ್ರಯೋಗಗಳು) ಚೆನ್ನಾಗಿದೆ. ಒಮ್ಮೆ ಇಳಿಸಿಕೊಂಡರೆ ಲ್ಯಾಪ್‌ಟಾಪಿನಲ್ಲಿ ಇಂಟರ್ನೆಟ್ ಇಲ್ಲದೆ ನಡೆಯುತ್ತದೆ.

ಓದಿಗೆ ಮಾತ್ರ ಸ್ಟೋರಿವೀವರ್‌ಗೆ ಸಾಟಿ ಇಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಕಥೆಗಳ ಭಂಡಾರ ಇದು. ಕಥೆಗಳನ್ನು ನಾಲ್ಕು ಹಂತವಾಗಿ ವಿಂಗಡಿಸಿದ್ದಾರೆ, ಕನ್ನಡದಲ್ಲಿ ಬೇಕಾದಷ್ಟಿವೆ. ಮುಕ್ತ ಪರವಾನಗಿ ಇರುವುದರಿಂದ ಪ್ರಿಂಟ್ ತೆಗೆದು ಹಂಚಬಹುದು. ನಲಿ-ಕಲಿ (ಒಂದರಿಂದ ಮೂರನೇ ತರಗತಿಯ ಚಟುವಟಿಕೆ ಪದ್ಧತಿ) ಮುಗಿಸಿ ನಾಲ್ಕಕ್ಕೆ ಬಂದರೂ ಒತ್ತಕ್ಷರದಲ್ಲಿ ತಡವರಿಸುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಅವರಿಗೆ ಒಂದನೇ ಹಂತದ ಕಥೆ, ಪಕ್ಕದವರಿಗೆ ಮೂರನೇ ಹಂತದ್ದು. ಎಲ್ಲರ ಕೈಯಲ್ಲೂ ಚಿತ್ರ ತುಂಬಿದ ಪುಸ್ತಕ ಇರುವುದರಿಂದ ಯಾರಿಗೂ ಕೀಳರಿಮೆ ಇಲ್ಲ. ಓದಿ ಮುಗಿಸಿದ ಮೇಲೆ ಕಥೆಯ ಬಗ್ಗೆ ಎರಡು ಪ್ರಶ್ನೆ ಪ್ಲಿಕರ್ಸ್‌ನಲ್ಲಿ ಕೇಳುತ್ತೇನೆ. ಈ ಜೋಡಿ ನನಗೆ ಚೆನ್ನಾಗಿ ಹೊಂದಿಕೊಂಡಿದೆ.

ಒಂದರಿಂದ ಮೂರನೇ ತರಗತಿಯವರು ಪ್ಲಿಕರ್ಸ್ ತೆಗೆದುಕೊಳ್ಳಬೇಕಾ? ನನ್ನ ಪ್ರಕಾರ ಬೇಡ. ನಲಿ-ಕಲಿಯಲ್ಲಿ ಒಂದೇ ಕೋಣೆಯಲ್ಲಿ ಐದು ತಟ್ಟೆಯ (ಅಂದರೆ ಐದು ಗುಂಪಿನ) ಮಕ್ಕಳು ಬೇರೆ ಬೇರೆ ಕೆಲಸದಲ್ಲಿರುತ್ತಾರೆ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವ ಸಲಕರಣೆಗೆ ಅಲ್ಲಿ ಜಾಗವಿಲ್ಲ. ನಾಲ್ಕರಿಂದ ಏಳರವರೆಗೆ ಧಾರಾಳವಾಗಿ ಬಳಸಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಗುಂಡಿಗಳು ಕನ್ನಡಕ್ಕೆ ಬಂದು, ಇಂಟರ್ನೆಟ್ ಇಲ್ಲದೆಯೂ ಸ್ಕ್ಯಾನ್ ಆಗುವ ದಿನ ಉಳಿದ ಒಂದನ್ನೂ ಕೊಡೋಣ.